ಹೊಟ್ಟೆಯ ಮೇಲಿನ ಏಳು ಬಣ್ಣ

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಭಾವಮೈದ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವನು ಭಾವಮೈದನಾಗಿದ್ದದ್ದು ಟೀ ಶರ್ಟುಗಳ ಮೇಲೆ ಚಿತ್ರ ಅಚ್ಚು ಹಾಕುವ ಒಬ್ಬನಿಗೆ ಮಾತ್ರ. ಆದರೆ ಆ ಭಾವ ಎನ್ನುವವನು ಸಿಕ್ಕಸಿಕ್ಕವರಿಗೆಲ್ಲ "ಇವನು ನನ್ನ ಭಾವಮೈದ" ಎಂದು ನಿಟ್ಟುಸಿರು ಬಿಟ್ಟು ಪರಿಚಯಿಸಿ ಪರಿಚಯಿಸಿ, ಕಡೆಗೆ ಕೊರಿಯರಿನವನಿಗೂ ಎದುರು ಸಾಲಿನ ಬೀಗ ರಿಪೇರಿಯವನಿಗೂ ಅವನು ಭಾವಮೈದನೇ ಆಗಿಬಿಟ್ಟ.

ಅಕ್ಕನ ಮನೆಗೆ ಅವನು ಬಂದದ್ದು ನಾಲ್ಕು ದಿನ ಇದ್ದು ಹೋಗುವುದಕ್ಕೆ. ಆ ನಾಲ್ಕು ದಿನಕ್ಕೆ ಈಗ ಹನ್ನೊಂದು ವರ್ಷ. ಅದಕ್ಕೆ ಮೊದಲು ಅವನು ಮಾಡದ ಕೆಲಸವಿಲ್ಲ, ಉಳಿಸಿಕೊಂಡ ಕೆಲಸವೂ ಇಲ್ಲ. ಹಾಸಿಗೆ ಅಂಗಡಿಯಲ್ಲಿದ್ದಾಗ ಹಾಸಿಗೆಯ ಮೇಲೇ ನಿದ್ದೆ ಹೋದ. ಮಾಲೀಕರು ಅದನ್ನು ಜಾಹೀರಾತು ಎಂದುಕೊಂಡು ಮೊದಲು ಖುಷಿಪಟ್ಟರು. ಗಿರಾಕಿಯೊಬ್ಬರು ಎಬ್ಬಿಸಿ ಬೆಲೆ ಕೇಳಿದಾಗ ಇವನು ಮಗ್ಗುಲು ಬದಲಿಸಿದ. ಅಲ್ಲಿಗೆ ಆ ಕೆಲಸವೂ ಮುಗಿಯಿತು. ಹೀಗೆ ಕೈಲಾಗದವನು ಎಂಬ ಹೆಸರು ಹೊತ್ತು, ಒಂದು ಸಣ್ಣ ಚೀಲ ಮತ್ತು ಒಂದು ದೊಡ್ಡ ಹೊಟ್ಟೆಯೊಂದಿಗೆ ಅವನು ಅಕ್ಕನ ಬಾಗಿಲು ತಟ್ಟಿದ್ದ.

ಭಾವನ ಅಚ್ಚಿನಮನೆ ಇದ್ದದ್ದು ಕೆಳಗಿನ ಹಜಾರದಲ್ಲಿ. ಬಹುಬಣ್ಣದ ಅಚ್ಚು ಎಂದರೆ ಹುಡುಗಾಟವಲ್ಲ. ಒಂದೊಂದು ಬಣ್ಣಕ್ಕೂ ಬಲೆಯಂಥ ಬಟ್ಟೆ ಬಿಗಿದ ಒಂದೊಂದು ಚೌಕಟ್ಟು, ಅದೇ ಸ್ಕ್ರೀನು. ಅಂಗಿಯನ್ನು ಹಲಗೆಗೆ ತೊಡಿಸಿ, ಒಂದಾದ ಮೇಲೊಂದು ಸ್ಕ್ರೀನನ್ನು ಇಳಿಸಿ, ರಬ್ಬರು ಪಟ್ಟಿಯಿಂದ ಬಣ್ಣ ಎಳೆಯಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ತುಟಿಯ ಕೆಂಪು ಗದ್ದಕ್ಕೆ ಇಳಿಯುತ್ತದೆ. ಭಾವನಿಗೆ ಇಂಥದ್ದು ಕಂಡರೆ ಮೈಯೆಲ್ಲ ಉರಿ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದ್ದಾಗಲೂ, ಗೋಡೆಯ ಮೇಲೆ ಅವರ ಸರ್ಟಿಫಿಕೇಟು ಸೊಟ್ಟಗಿದೆ ಎಂದು ಕೈಸನ್ನೆ ಮಾಡಿದ ಮನುಷ್ಯ ಅವನು.

ಬಂದ ಮೂರನೆಯ ದಿನ ಭಾವಮೈದ ತೊಡಲು ಬಟ್ಟೆ ಸಾಲದೆ ಅಚ್ಚಿನಮನೆಯ ಒಂದು ಹೊಸ ಅಂಗಿ ಏರಿಸಿಕೊಂಡು, ಗಡದ್ದಾಗಿ ಉಂಡು, ಬೂಟಿನ ಲೇಸು ಕಟ್ಟಲು ಬಗ್ಗಿದ. ಅಂಗಿಯ ಮೇಲಿದ್ದ ಚಿಟ್ಟೆ ನಾಲ್ಕು ಹೋಳಾಯಿತು. ಅಕ್ಕ ಬೆಚ್ಚಿಬಿದ್ದಳು, ಇನ್ನು ತಮ್ಮನಿಗೆ ಈ ಮನೆಯಲ್ಲಿ ಉಳಿಗಾಲವಿಲ್ಲ ಎಂದುಕೊಂಡಳು. ಭಾವ ಮಾತ್ರ ಭೂತಗನ್ನಡಿ ಹಿಡಿದು ಅವನ ಹೊಟ್ಟೆಯ ಮುಂದೆ ಮೊಣಕಾಲೂರಿ ಕೂತ. ಅಚ್ಚು ಹಾಕಿದ ಬಣ್ಣವನ್ನು ಬಿಸಿಗಾಳಿಯ ಒಲೆಯಲ್ಲಿ ಹದವಾಗಿ ಬೇಯಿಸಬೇಕು. ಮೇಲೆ ಒಣಗಿದಂತೆ ಕಂಡು ಅಡಿಯಲ್ಲಿ ಹಸಿ ಉಳಿದರೆ, ಬಟ್ಟೆ ಹಿಗ್ಗಿದಾಗ ಚಿತ್ರ ಬಿರಿಯುತ್ತದೆ. ಇದನ್ನು ಗಿರಾಕಿಗಳಿಗಿಂತ ಮೊದಲೇ ಪತ್ತೆ ಹಚ್ಚುವ ಉಪಾಯವೊಂದು ತನ್ನ ಊಟದ ಮೇಜಿನಲ್ಲೇ ಕೂತು ಎರಡನೆಯ ಸಲ ಬಡಿಸಿಕೊಳ್ಳುತ್ತಿತ್ತಲ್ಲ ಎಂದು ಭಾವನಿಗೆ ಆಗ ಹೊಳೆಯಿತು.

ಅವತ್ತಿನಿಂದ ಭಾವಮೈದನಿಗೆ ನೌಕರಿ ಖಾಯಂ ಆಯಿತು. ಪ್ರತಿ ಹೊಸ ಚಿತ್ರದ ಮೊದಲ ಅಂಗಿ ಒಲೆಯಿಂದ ಹೊರಬಂದ ಮೇಲೆ ಅವನು ಊಟಕ್ಕೆ ಕೂರುತ್ತಿದ್ದ. ಊಟ ಮುಗಿಸಿ, ಅಂಗಿ ತೊಟ್ಟು, ಗಿಡ್ಡ ಸ್ಟೂಲಿನ ಮೇಲೆ ಕೂತು, ಬಗ್ಗಿ, ಎದ್ದು, ಮೆಣಸಿನ ಪುಡಿ ಮೂಸಿ ಸೀನುತ್ತಿದ್ದ. ಕೊನೆಗೆ ನಗುವ ಪರೀಕ್ಷೆ. ಅದಕ್ಕಾಗಿ ಭಾವ ತನಗೆ ಗೊತ್ತಿದ್ದ ಒಂದೇ ಒಂದು ನಗೆಹನಿ ಹೇಳುತ್ತಿದ್ದ. ಅದೇ ನಗೆಹನಿಗೆ ಹನ್ನೊಂದು ವರ್ಷ ಹೊಟ್ಟೆ ಕುಣಿಸಿ ನಕ್ಕ ಭಾವಮೈದನನ್ನು ಕೈಲಾಗದವನು ಎಂದವರ ಬಾಯಿಗೆ ನಾನಂತೂ ಬೀಗ ಹಾಕುತ್ತೇನೆ. ಚಿತ್ರ ಬಿರಿಯದಿದ್ದರೆ ಅವನು "ಪಾಸು" ಎನ್ನುತ್ತಿದ್ದ. ಆ ಒಂದು ಮಾತು ಹೇಳುವಾಗ ಅವನು ಜಡ್ಜಿಗಿಂತ ಗಂಭೀರವಾಗಿರುತ್ತಿದ್ದ.

ಹನ್ನೊಂದನೆಯ ವರ್ಷ ಬೀದಿಯ ಡಾಕ್ಟರಮ್ಮ ಅಡ್ಡ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಹದಿನೈದು ಕಿಲೋ ಇಳಿಯಲೇಬೇಕು, ಹೃದಯದ ವಿಷಯ, ತಮಾಷೆಯಲ್ಲ ಎಂದರು. ಅಕ್ಕ ಅವತ್ತೇ ಬಿಸ್ಕತ್ತಿನ ಡಬ್ಬಕ್ಕೆ ಬೀಗ ಜಡಿದಳು. ತಟ್ಟೆಯಲ್ಲಿ ಬೇಯಿಸಿದ ತರಕಾರಿ, ಲೋಟದಲ್ಲಿ ಸೌತೆಕಾಯಿ ರಸ. ಸಂಜೆಗೆ ನಡಿಗೆ, ಹಿಂದೆಯೇ ಅಕ್ಕ. ತಪ್ಪಿಸಿಕೊಂಡು ಬೇಕರಿಗೆ ನುಗ್ಗಿದರೆ ಬೇಕರಿಯವನು ಕೈಮುಗಿದು, ನಿಮ್ಮಕ್ಕ ಬಂದು ಹೇಳಿ ಹೋಗಿದ್ದಾರೆ ಎಂದ.

ಹೊಟ್ಟೆ ಇಳಿಯತೊಡಗಿತು. ಬೀದಿಯವರೆಲ್ಲ ಶಭಾಷ್ ಎಂದರು, ಭಾವಮೈದನ ಎದೆ ಮಾತ್ರ ಡವಡವ ಎಂದಿತು. ಅಂಗಿಗಳು ಮೈಮೇಲೆ ಜೋತಾಡತೊಡಗಿದವು, ಹಸಿ ಚಿತ್ರವೂ ಬಿರಿಯದೆ ಹಾಯಾಗಿ ಕೂತಿರುತ್ತಿತ್ತು. ಹೊಟ್ಟೆ ಹೋದರೆ ನೌಕರಿ ಹೋಯಿತು, ನೌಕರಿ ಹೋದರೆ ತಾನು ಮತ್ತೆ ಅದೇ ನಾಲ್ಕು ದಿನದ ನೆಂಟ. ಈ ಹೆದರಿಕೆಗೆ ಒಂದು ದಿನ ಸೋಫಾದ ದಿಂಬನ್ನೇ ಅಂಗಿಯೊಳಗೆ ತುರುಕಿಕೊಂಡು ಪರೀಕ್ಷೆಗೆ ಹಾಜರಾದ. ಸೀನಿದ ರಭಸಕ್ಕೆ ದಿಂಬು ಸರಿದು ಬೆನ್ನಿಗೆ ಹೋಯಿತು. ಭಾವ ಒಂದು ಸುತ್ತು ಬಂದು, ಹಿಂದೆ ನೋಡಿ, ಮುಂದೆ ನೋಡಿ, ದಿಂಬನ್ನು ಸೋಫಾದ ಮೇಲೆ ನೆಟ್ಟಗೆ ಇಟ್ಟು ಬಂದ.

ಮರುವಾರವೇ ಅಚ್ಚಿನಮನೆಗೆ ಒಂದು ಯಂತ್ರ ಬಂತು. ಎರಡು ಹಲಗೆ, ನಡುವೆ ತಿರುಪು. ಅಂಗಿ ಸಿಕ್ಕಿಸಿ ಹಿಡಿ ತಿರುವಿದರೆ ಅದೇ ಎಳೆಯುತ್ತದೆ. ಉಣ್ಣುವುದಿಲ್ಲ, ಸೀನುವುದಿಲ್ಲ, ನಗೆಹನಿಯೂ ಬೇಡ. ಭಾವಮೈದ ಅದನ್ನು ಸವತಿಯನ್ನು ನೋಡುವಂತೆ ನೋಡಿದ. ತಾನಾಗಿಯೇ ಮೂಲೆಗೆ ಹೋಗಿ ಅಂಗಿ ಮಡಚುವ ಕೆಲಸಕ್ಕೆ ಕೂತ. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಅವನ ಬಾಯಲ್ಲಿ ಜನ್ಮದಲ್ಲೇ ಆ ಮಾತು ಕೇಳಿರದ ಅಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಆಗಲೇ ಹಗ್ಗಜಗ್ಗಾಟದ ತಂಡದ ಆರ್ಡರು ಬಂದದ್ದು. ಕಪ್ಪು ಅಂಗಿಯ ಮೇಲೆ ಏಳು ಬಣ್ಣದ ಘೇಂಡಾಮೃಗ ಬೇಕು. ಇರುವುದೇ ಒಂದು ಬಣ್ಣದ ಪ್ರಾಣಿಗೆ ಏಳು ಯಾಕೆ ಎಂದರೆ ತಂಡದ ನಾಯಕ ಬೆರಳು ಮಡಚಿದ: ಮೈ ಬೂದು, ಕೊಂಬು ಹಳದಿ, ಕಣ್ಣು ಕೆಂಪು, ವಸಡು ಗುಲಾಬಿ, ಹುಲ್ಲು ಹಸಿರು, ಆಕಾಶ ನೀಲಿ, ಸೂರ್ಯ ಕಿತ್ತಳೆ. ಕಪ್ಪು ಬಟ್ಟೆಯ ಮೇಲೆ ಇವೆಲ್ಲ ಎದ್ದು ಕಾಣಬೇಕಾದರೆ ಅಡಿಗೆ ದಪ್ಪನೆಯ ಬಿಳಿ ಬೇರೆ. ಭಾವ ಮೂರು ದಿನ ಸ್ಕ್ರೀನು ಜೋಡಿಸಿದ. ಕೊಂಬು ಮೂಗಿನ ಮೇಲೇ ಕೂತಿತು, ಕೆಂಪು ಕಣ್ಣಿನಿಂದಾಚೆ ಕೂದಲೆಳೆಯಷ್ಟೂ ಹರಿಯಲಿಲ್ಲ.

ಆದರೆ ಮೂರು ದಿನ ಅದಕ್ಕೇ ಹೋಯಿತಲ್ಲ, ನಾಳೆಯೇ ಪಂದ್ಯ. ಅಂಗಿಗಳನ್ನು ಒಲೆಯೊಳಗಿಂದ ಹಾಯಿಸುವ ಪಟ್ಟಿಯ ವೇಗವನ್ನು ಭಾವ ಏರಿಸಿದ. ಅಂಗಿಗಳು ಸರಸರ ಹೊರಬಂದವು. ಬಂದದ್ದನ್ನು ಬಂದಹಾಗೇ ಯಂತ್ರಕ್ಕೆ ಸಿಕ್ಕಿಸಿ ತಿರುವಿದ. ಘೇಂಡಾಮೃಗ ಅಗಲವಾಯಿತು, ಮತ್ತೆ ಮೊದಲಿನಂತಾಯಿತು, ಒಂದು ಗೆರೆ ಬೀಳಲಿಲ್ಲ. ಒಂಬತ್ತು ಅಂಗಿಯೂ ಹಾಗೆಯೇ. ನಾಯಕ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ, ಬಾಗಿಲು ಪೂರ್ತಿ ತುಂಬಿತ್ತು.

ಮೂಲೆಯಲ್ಲಿ ಅಂಗಿ ಮಡಚುತ್ತಿದ್ದ ಭಾವಮೈದ ಕೈ ನಿಲ್ಲಿಸಿದ. ಮಡಚಿದ್ದನ್ನು ಬಿಡಿಸಿದರೆ ಬಣ್ಣಕ್ಕೆ ಬಣ್ಣ ಅಂಟಿಕೊಂಡು ಚಿಟಚಿಟ ಸದ್ದು ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ಬೆಂದ ಬಣ್ಣ ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಸುಮ್ಮನಿದ್ದರೆ ಯಂತ್ರದ ಮಾನ ಬೀದಿಗೆ ಬೀಳುತ್ತದೆ, ತನಗೆ ಸ್ಟೂಲು ವಾಪಸು ಸಿಗುತ್ತದೆ. ಈ ಆಸೆ ಅವನಿಗೆ ಬರಲಿಲ್ಲವೆಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ಬಂತು, ಮೂರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಇತ್ತು. ಆಮೇಲೆ ಅವನು ಎದ್ದು ಹೋಗಿ ಅಂಗಿಗಳ ರಾಶಿಗೆ ಅಡ್ಡ ನಿಂತ.

"ಕೊಡಬೇಡಿ ಭಾವ. ಇದು ಬೆಂದಿಲ್ಲ."

ಭಾವನ ಮುಖ ಕೆಂಪಾಯಿತು. ಗಿರಾಕಿಯ ಎದುರಿಗೆ ಇಂಥ ಮಾತೇ? ಯಂತ್ರ ಪಾಸು ಮಾಡಿದೆ, ನಿನಗೇನು ಗೊತ್ತು, ಈಗ ನಿನಗೆ ಹೊಟ್ಟೆಯೂ ಇಲ್ಲ ಎಂದು ರೇಗಿದ. ಆ ಕೊನೆಯ ಮಾತು ಭಾವಮೈದನಿಗೆ ನೇರ ಹೋಗಿ ನಾಟಿತು. ಆದರೂ ಅವನು ಕದಲಲಿಲ್ಲ.

"ಬಿಸಿ ಇದ್ದಾಗ ಎಳೆದ್ರೆ ಎಲ್ಲಾ ಬಣ್ಣಾನೂ ಹಿಗ್ಗುತ್ತೆ. ನಾನು ಮೊದಲು ಊಟ ಮಾಡ್ತಿದ್ದೆ, ಅಷ್ಟರಲ್ಲಿ ಅಂಗಿ ತಣ್ಣಗಾಗ್ತಿತ್ತು. ಆಮೇಲೆ ಹಾಕ್ಕೊಳ್ತಿದ್ದೆ. ಸ್ವಲ್ಪ ಹೊತ್ತು ಕಾಯಿರಿ ಭಾವ, ಅಷ್ಟೇ ಕೇಳೋದು."

ಮೂವರೂ ಕಾದರು. ಅಂಗಿ ತಣ್ಣಗಾದ ಮೇಲೆ ಭಾವಮೈದ ಒಂದನ್ನು ನಾಯಕನಿಗೆ ತೊಡಿಸಿ, ಗಿಡ್ಡ ಸ್ಟೂಲು ತೋರಿಸಿ, ಕೂತು ಬೂಟಿನ ಲೇಸು ಕಟ್ಟಿ ಎಂದ. ನಾಯಕ ಬಗ್ಗಿದ. ಘೇಂಡಾಮೃಗ ಕೊಂಬಿನಿಂದ ಬಾಲದವರೆಗೆ ಚರ್ರನೆ ಬಿರಿಯಿತು, ಸೂರ್ಯನ ಒಂದು ಚೂರು ಹಾರಿ ನೆಲಕ್ಕೆ ಬಿತ್ತು.

ಭಾವ ಆ ಚೂರನ್ನು ಎತ್ತಿಕೊಂಡು ಬಹಳ ಹೊತ್ತು ಅಂಗೈಯಲ್ಲಿಟ್ಟು ನೋಡಿದ. ನಂತರ ಒಲೆಯ ಪಟ್ಟಿಯ ವೇಗ ಇಳಿಸಿ, ಉಳಿದ ಎಂಟನ್ನೂ ಮತ್ತೆ ನಿಧಾನವಾಗಿ ಬೇಯಿಸಿದ. ಒಡೆದದ್ದರ ಬದಲು ಹೊಸದೊಂದನ್ನು ಅಚ್ಚು ಹಾಕಿದ. ಇಡೀ ತಂಡವನ್ನೇ ಕರೆಸಿ ಎಂದು ನಾಯಕನಿಗೆ ಹೇಳಿದ. ಅವರೆಲ್ಲ ಯಾಕೆ ಎಂದು ನಾಯಕ ಕೇಳಿದ್ದಕ್ಕೆ, ಅಂಗಿಗಳನ್ನು ಅವರವರ ಮೈಮೇಲೇ ನೋಡಿ ಕಳಿಸಬೇಕು ಎಂದ. ಅಷ್ಟು ಹೇಳಿ ಭಾವಮೈದನ ಕಡೆಗೆ ತಿರುಗಿದ. ಹೊಗಳಿ ಅಭ್ಯಾಸವಿಲ್ಲದ ನಾಲಿಗೆ ಅದು.

"ಹೊಟ್ಟೆ ಯಾರದ್ದಾದ್ರೂ ಸಿಗುತ್ತೆ ಕಣೋ. ನೀನು ಪಾಸು ಅನ್ನದೆ ಈ ಮನೆಯಿಂದ ಒಂದು ಅಂಗೀನೂ ಹೊರಗೆ ಹೋಗಲ್ಲ."

ಅಂದು ಸಂಜೆ ಒಂಬತ್ತು ಮಂದಿ ದಾಂಡಿಗರು ಹಜಾರದಲ್ಲಿ ಸಾಲಾಗಿ ನಿಂತು, ಅವನು ಹೇಳಿದಂತೆ ಕೂತರು, ಎದ್ದರು, ಸೀನಿದರು. ಮೂರನೆಯವನು ಅರೆಮನಸ್ಸಿನಿಂದ ಬಗ್ಗಿದಾಗ ಭಾವಮೈದ ಇನ್ನೊಂದು ಸಲ ಎಂದ, ಅಷ್ಟು ದೊಡ್ಡ ಆಳು ತುಟಿಪಿಟಕ್ಕೆನ್ನದೆ ಮತ್ತೆ ಬಗ್ಗಿದ. ಒಲೆಯ ಪಕ್ಕದಲ್ಲಿ ಭಾವ ಕೈಕಟ್ಟಿ ನಿಂತು, ತನ್ನ ಕೆಲಸ ಪಾಸೋ ಫೇಲೋ ಎಂದು ಭಾವಮೈದನ ಬಾಯನ್ನೇ ನೋಡುತ್ತಿದ್ದ.