ನಡುಗಡಲಲ್ಲಿ ಎಂಜಿನ್ ನಿಲ್ಲಿಸಿದ್ದು

೧೯೫೬ರ ಚಳಿಗಾಲ. ದೋಣಿಗಳಿಗೆ ಡೀಸೆಲ್ ಎಂಜಿನ್ ಮಾರುವ ಮುಂಬಯಿಯ ಒಂದು ಕಂಪನಿಯಲ್ಲಿ ನಾನು ಮೆಕ್ಯಾನಿಕ್ ಆಗಿ ಸೇರಿ ಐದು ತಿಂಗಳಾಗಿತ್ತು. ಉಡುಪಿಯ ಕಡೆಯಿಂದ ಬಂದವರೆಲ್ಲ ಹೋಟೆಲ್ ಸೇರುತ್ತಿದ್ದಾಗ ನಾನೊಬ್ಬ ಕೈಗೆ ಗ್ರೀಸ್ ಹಚ್ಚಿಕೊಂಡೆನೆಂಬ ಜಂಬವೂ ಇತ್ತೆನ್ನಿ. ಆದರೆ ಮುಂಬಯಿಯ ಕಡಲಂಚಿನ ವೆಸಾವೆಯ ಕೋಲಿ ಮೀನುಗಾರರು ಹಾಯಿ ಬಿಟ್ಟು ಎಂಜಿನ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎರಡು ಸಲ ಪ್ರಾತ್ಯಕ್ಷಿಕೆ ತೋರಿಸಲು ಹೋಗಿ, ಎರಡು ಸಲವೂ ನಿಲ್ಲಿಸಿದ ಎಂಜಿನ್ ಮತ್ತೆ ಚಾಲೂ ಆಗದೆ ನಗೆಪಾಟಲಾಗಿದ್ದೆವು. ಮೂರನೆಯದೂ ಹಾಗೇ ಆದರೆ ನಿನ್ನ ಕೆಲಸ ಉಳಿಯುವುದಿಲ್ಲ ಎಂದು ಮ್ಯಾನೇಜರ್ ಕುಲಕರ್ಣಿಯವರು ಹೇಳಿಬಿಟ್ಟಿದ್ದರು.

ಕುಲಕರ್ಣಿಯವರು ಧಾರವಾಡದವರು, ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವವರು. ಮೂರನೆಯ ಪ್ರಾತ್ಯಕ್ಷಿಕೆಯ ಬೆಳಿಗ್ಗೆ ಅವರೂ ಕೋಟು ತೊಟ್ಟು ದೋಣಿ ಹತ್ತಿದರು. ನಾವು ಎಂಜಿನ್ ಕೂರಿಸಿದ್ದ ಆ ದೋಣಿ ಪಾಂಡು ತಾಂಡೇಲರದು. ತಾಂಡೇಲ ಎಂದರೆ ದೋಣಿ ನಡೆಸುವ ಯಜಮಾನ. ಅವರು ಒಪ್ಪಿದರೆ ಕೋಲಿಗಳ ಕೇರಿಯಾದ ಇಡೀ ಕೋಲಿವಾಡ ಒಪ್ಪಿದಂತೆ.

ಮೂರು ಗಂಟೆ ಓಡಿ ಆಳದ ನೀರಿಗೆ ಬಂದೆವು. ಒಮ್ಮೆಲೇ ಎದುರಿಗೆ ಸಮುದ್ರ ಕುದಿಯತೊಡಗಿತು. ಸುರಮಾಯಿ, ಅಂದರೆ ನಮ್ಮ ಅಂಜಲ್, ಸಣ್ಣ ಮೀನುಗಳನ್ನು ಮೇಲಕ್ಕೆ ಅಟ್ಟಿಕೊಂಡು ಬಂದು ತಿನ್ನುತ್ತಿತ್ತು. ನಾನು ಹುಮ್ಮಸ್ಸಿನಲ್ಲಿ ಫುಲ್ ಸ್ಪೀಡ್ ಕೊಟ್ಟು ಹಿಂಡಿನ ನಡುವಿಗೇ ನುಗ್ಗಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ಸಪಾಟಾಯಿತು. ಆಳವಿದ್ದಲ್ಲಿ ಬೆದರಿದ ಮೀನು ನೇರ ಕೆಳಗಿಳಿದುಬಿಡುತ್ತದೆ. ಅಷ್ಟು ದೂರದಲ್ಲಿ ಮತ್ತೆ ಎದ್ದವು. ಮತ್ತೆ ಓಡಿಸಿದೆ, ಮತ್ತೆ ಮಾಯ.

ಮೂರನೆಯ ಸಲ ತಾಂಡೇಲರು ಕೈಸನ್ನೆ ಮಾಡಿ, ದೂರದಿಂದಲೇ ಸುತ್ತುಹಾಕಿಸಿ, ಗಾಳಿ ಬರುವ ದಿಕ್ಕಿಗೆ ದೋಣಿ ತರಿಸಿದರು.

“ಅಬ್ ಇಂಜಿನ್ ಬಂದ್ ಕರೋ!”

ಕುಲಕರ್ಣಿಯವರು ಎದ್ದೇ ನಿಂತರು. “ಬ್ಯಾಡೋ ಶೇಖರ, ಬಂದ್ ಮಾಡಬ್ಯಾಡ! ಮತ್ತ ಚಾಲೂ ಆಗಲಿಲ್ಲಂದ್ರ ಏನ್ ಗತಿ?”

ನನಗೂ ಅದೇ ಹೆದರಿಕೆ. ಅದು ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಎಬ್ಬಿಸುವ ಎಂಜಿನ್. ವಾರವಿಡೀ ಬಿಚ್ಚಿ ಸರಿಮಾಡಿದ್ದೆ, ನಿಜ. ಆದರೂ ಅನ್ನದ ಪ್ರಶ್ನೆ! ಮೀನಿನ ವಿಷಯ ಬಲ್ಲವರು ತಾಂಡೇಲರೇ ಅಲ್ಲವೇ ಎಂದು ಗಟ್ಟಿ ಮನಸ್ಸು ಮಾಡಿ ನಿಲ್ಲಿಸಿದೆ.

ಗಾಳಿ ದೋಣಿಯನ್ನು ಸದ್ದಿಲ್ಲದೆ ಹಿಂಡಿನ ಅಂಚಿಗೆ ತೇಲಿಸಿಕೊಂಡು ಹೋಯಿತು. ಮೀನುಗಳಿಗೆ ನಮ್ಮ ಪರಿವೆಯೇ ಇರಲಿಲ್ಲ. ಗಾಳಗಳು ಬಿದ್ದವು, ಎಳೆದಂತೆಲ್ಲ ಅಂಜಲ್! ಒಂದು ಹಾರಿ ಕುಲಕರ್ಣಿಯವರ ಮಡಿಲಿಗೇ ಬಿತ್ತು. ಅವರು ಮೂಗು ಮರೆತು, ಎರಡೂ ಕೈಯಲ್ಲಿ ಅದನ್ನು ಅಪ್ಪಿಹಿಡಿದು, “ಜಗ್ಗ್ರಿ, ಜಗ್ಗ್ರಿ! ಅಲ್ಲಿ ಇನ್ನೊಂದ್ ಬಂತು!” ಎಂದು ಕೂಗತೊಡಗಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ದೋಣಿ ತುಂಬಿತು. ಈಗ ಎಲ್ಲರ ಕಣ್ಣೂ ನನ್ನ ಮೇಲೆ. ಹ್ಯಾಂಡಲ್ ತಿರುಗಿಸಿದೆ. ಒಂದು ಕೆಮ್ಮು, ಅಷ್ಟೆ. ಮತ್ತೆ ತಿರುಗಿಸಿದೆ. ಧಡಧಡನೆ ಎದ್ದುಕೊಂಡಿತು! ಆ ಸದ್ದು ಕೇಳಿ ಆದಷ್ಟು ಸಂತೋಷ ಮುಂದೆ ಯಾವ ಬಡ್ತಿಯಲ್ಲೂ ನನಗೆ ಆಗಲಿಲ್ಲ.

ಹಾಯಿದೋಣಿಗಳು ಮರಳುವ ಮೊದಲೇ ನಮ್ಮ ಮೀನು ದಡದಲ್ಲಿತ್ತು. ತಾಂಡೇಲರು ಕುಲಕರ್ಣಿಯವರಿಗೆ, “ಇಂಜಿನ್ ಲೇಂಗೆ ಸಾಹೇಬ್. ಲೇಕಿನ್ ಮೇಸ್ತ್ರಿ ಯಹೀ ಚಾಹಿಯೇ. ಬಾತ್ ಸುನತಾ ಹೈ” ಎಂದರು. ಎಂಜಿನ್ ಕೊಳ್ಳುತ್ತಾರಂತೆ, ಆದರೆ ಮೇಸ್ತ್ರಿ ಇವನೇ ಬೇಕಂತೆ, ಹೇಳಿದ ಮಾತು ಕೇಳುತ್ತಾನಂತೆ!

“ಕೇಳ್ತಾನ ಖರೆ,” ಎಂದರು ಕುಲಕರ್ಣಿಯವರು ಕೋಟಿಗಂಟಿದ ಮೀನಿನ ಲೋಳೆ ಒರೆಸುತ್ತ, “ಆದ್ರ ನನ್ನ ಮಾತಲ್ಲ.”

ಮುಂದೆ ನಿವೃತ್ತಿಯವರೆಗೂ ಯಾವ ದೋಣಿ ಹತ್ತಿದರೂ, ಟೂಲ್‌ಬಾಕ್ಸ್ ತೆರೆಯುವ ಮೊದಲು ಆ ದೋಣಿಯ ತಾಂಡೇಲರ ಪಕ್ಕ ಕೂತು ಅವರ ಮಾತು ಕೇಳುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.