ಬಲಗೈಯಲ್ಲಿ ಲಿಂಗ

ಅರವತ್ತರ ದಶಕದ ಆರಂಭದ ಮಾತು. ನನ್ನ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಚಿತ್ರಕಲೆ ಕಲಿಯಲು ನನ್ನನ್ನು ಮೈಸೂರಿಗೆ ಕಳಿಸುವುದೋ ಬೇಡವೋ ಎಂಬುದು ದುರ್ಗಿಗುಡಿಯ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ತೀರ್ಮಾನ ಅಜ್ಜನದು. ಅಪ್ಪ ಅವರೆದುರು ಕುರ್ಚಿಯಲ್ಲಿ ಕೂರುತ್ತಲೂ ಇರಲಿಲ್ಲ.

ಪುಸ್ತಕಗಳಿಗೆ ಚಿತ್ರ ಬರೆಯುವ ಕೈ ನನಗಿದೆಯೆಂದು ಶಾಲೆಯ ಡ್ರಾಯಿಂಗ್ ಮೇಷ್ಟ್ರು ನಂಬಿದ್ದರು. ಜೂನ್ ಒಳಗೆ ಮೂರು ಬಗೆಯ ಕೆಲಸ ಸಿದ್ಧಮಾಡಲು ಹೇಳಿದ್ದರು: ಪೆನ್ಸಿಲ್ ಚಿತ್ರ, ಕೊರೆದು ಅಚ್ಚೊತ್ತಿದ ಚಿತ್ರ, ಬಿಸಾಡಿದ ವಸ್ತುಗಳಿಂದ ಮಾಡಿದ್ದೊಂದು. ಮೈಸೂರಿನಲ್ಲಿ ಅವನ್ನು ನೋಡಿಯೇ ಸೇರಿಸಿಕೊಳ್ಳುತ್ತಿದ್ದರು.

ಶಾಲೆ ಮುಗಿದ ಮೇಲೆ ನಾನು ಒಬ್ಬಳೇ ಬೀದಿಗೆ ಇಳಿಯುವಂತಿರಲಿಲ್ಲ. ಹಾಗಾಗಿ ಪೆನ್ಸಿಲ್ ಚಿತ್ರಗಳೆಲ್ಲ ಕಿಟಕಿಯ ಸರಳುಗಳ ನಡುವೆ ಸಿಕ್ಕವು: ಜಟಕಾದ ಹಿಂಭಾಗ, ಅರ್ಧ ಎಮ್ಮೆ. ಉಳಿದರ್ಧ ಬರೆಯುವಷ್ಟರಲ್ಲಿ ಎಮ್ಮೆ ದಾಟಿಹೋಗಿರುತ್ತಿತ್ತು. ಹಳೆಯ ಲಗ್ನಪತ್ರಿಕೆ, ಬೆಂಕಿಪೊಟ್ಟಣ, ಸಿನಿಮಾ ಹ್ಯಾಂಡ್‌ಬಿಲ್ ಹರಿದು ಅಂಟಿಸಿ ನಮ್ಮ ಬೀದಿಯನ್ನು ಮಾಡಿದೆ. ಅಚ್ಚಿಗೆ ಭದ್ರಾವತಿಯ ಸೋದರಮಾವ ದಾರಿ ಹುಡುಕಿದರು. ಓಲ್ಡ್ ಟೌನಿನ ಗುಜರಿ ಅಂಗಡಿಯಿಂದ ಯಂತ್ರದ ಹಳೆಯ ಬೆಲ್ಟಿನ ಒಂದು ದಪ್ಪ ರಬ್ಬರ್ ತುಂಡು ತಂದುಕೊಟ್ಟರು. ಮುರಿದ ಛತ್ರಿಯ ಕಡ್ಡಿಯನ್ನು ಉಜ್ಜಿ ಚೂಪು ಮಾಡಿ ಉಳಿ ಮಾಡಿಕೊಂಡೆ. ನಮ್ಮ ಬೀದಿಯ ಪ್ರೆಸ್ಸಿನವರು ಡಬ್ಬದ ತಳದ ಮಸಿ ಕೆರೆದು ಕೊಟ್ಟರು.

ಅಚ್ಚಿಗೆ ಅಜ್ಜನ ಲಿಂಗಪೂಜೆಯನ್ನೇ ಆರಿಸಿಕೊಂಡೆ. ಅವರು ಮೆಚ್ಚಿದರೆ ಮೈಸೂರಿನ ಬಾಗಿಲು ತೆರೆಯುತ್ತದೆ ಎಂಬ ಲೆಕ್ಕ. ಬೆಳಗಿನ ಪೂಜೆಗೆ ಅವರು ಕೂತಾಗ ಎದುರಿಗೆ ಕೂತು, ಕಂಡದ್ದನ್ನು ಕಂಡಂತೆ ರಬ್ಬರಿನ ಮೇಲೇ ಬರೆದೆ. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಬಿಲ್ವಪತ್ರೆ. ಕೊರೆದು, ಮಸಿ ಹಚ್ಚಿ, ಕಾಗದವಿಟ್ಟು ಸೌಟಿನ ಬೆನ್ನಿನಿಂದ ಉಜ್ಜಿದೆ. ಅಚ್ಚು ಸ್ಫುಟವಾಗಿ ಬಂತು. ಒಣಗುವುದಕ್ಕೂ ಕಾಯದೆ ಒಯ್ದು ತೋರಿಸಿದೆ.

ಅಜ್ಜ ಕನ್ನಡಕ ಹಾಕಿಕೊಂಡರು. "ಲಿಂಗ ಯಾವ ಕೈಲಿ ಹಿಡೀತಾರೆ?"

"ಎಡಗೈಲಿ."

"ಇದ್ಯಾವ್ದು?"

ಬಲಗೈಯಲ್ಲಿತ್ತು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಅಕ್ಷರವನ್ನು ತಿರುವುಮುರುವಾಗಿ ಕೊರೆಯಬೇಕೆಂದು ನನಗೆ ಗೊತ್ತಿತ್ತು. ಕೈಗೂ ಅದೇ ನಿಯಮವೆಂದು ಹೊಳೆದಿರಲಿಲ್ಲ.

ದೊಡ್ಡಮ್ಮ ಇಣುಕಿ ನಕ್ಕರು. "ಅಯ್ಯೋ ಮಾರಾಯ್ತಿ, ನಿಮ್ಮಜ್ಜನ್ನ ಎಡಚ ಮಾಡಿಟ್ಟಿದ್ದೀಯಲ್ಲೇ!"

ಅಜ್ಜ ನಗಲಿಲ್ಲ, ಬೈಯಲೂ ಇಲ್ಲ. "ಇನ್ನೊಂದು ಕೊರಿ. ನಾನು ಕೂತ್ಕೊತೀನಿ," ಎಂದರು.

ರಬ್ಬರಿನ ಹಿಂಬದಿ ಖಾಲಿಯಿತ್ತು. ಈ ಸಲ ಕಾಗದದಲ್ಲಿ ಬರೆದು, ಗೆರೆ ಹಿಂದಕ್ಕೂ ಕಾಣುವಂತೆ ಎಣ್ಣೆ ಸವರಿ, ತಿರುಗಿಸಿ ರಬ್ಬರಿಗೆ ನಕಲಿಳಿಸಿದೆ. ಪೂಜೆ ಮುಗಿದ ಮೇಲೂ ಅಜ್ಜ ಕದಲದೆ ಕೂತಿರುತ್ತಿದ್ದರು. ಕಾಫಿ ಆರುತ್ತಿತ್ತು. ಅವರು ಅಷ್ಟು ಹೊತ್ತು ನನ್ನೆದುರು ಕೂತದ್ದು ಅದೇ ಮೊದಲು. ಒಪ್ಪಿಗೆ ಸಿಕ್ಕಿತೆಂದೇ ತಿಳಿದೆ.

ಎರಡನೆಯ ಅಚ್ಚಿನಲ್ಲಿ ಲಿಂಗ ಎಡಗೈಯಲ್ಲಿತ್ತು. ಅಜ್ಜ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ತೋರಿಸಿದರು. ಆ ವಾರವೇ ಮೇಷ್ಟ್ರು ಮೈಸೂರಿನ ವಿಷಯ ಕೇಳಲು ಬಂದರು.

"ಮೇಷ್ಟ್ರೇ, ಇದನ್ನ ನೋಡಿ," ಎಂದು ಅಜ್ಜ ಗೋಡೆಯತ್ತ ಕೈ ತೋರಿದರು. "ಮನೇಲೇ ಕೂತು ಮಾಡಿದ್ದು. ಇಷ್ಟು ಕಲ್ತಾದ್ಮೇಲೆ ಮೈಸೂರ್ಯಾಕೆ?"

"ಕಲಿಯೋದು ಇನ್ನೂ ಇದೆ, ಯಜಮಾನ್ರೇ."

"ಮೊದ್ಲು ಲಿಂಗಾನ ಬಲಗೈಲಿ ಇಟ್ಟಿದ್ಲು. ಇಲ್ಲಿದ್ದಿದ್ಕೆ ತಿದ್ದಿದ್ವಿ. ಅಲ್ಲಿ ಯಾರು ಹೇಳ್ತಿದ್ರು?"

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ತಪ್ಪು ಮಾಡಿದ್ದರಿಂದ ಕಳಿಸುವಂತಿರಲಿಲ್ಲ, ತಿದ್ದಿಕೊಂಡಿದ್ದರಿಂದ ಕಳಿಸಬೇಕಾಗಿಯೂ ಇರಲಿಲ್ಲ. ಈ ಮಾತನ್ನು ಹೀಗೆ ಜೋಡಿಸುವುದು ಆಗ ನನಗೆ ತಿಳಿದಿರಲಿಲ್ಲ. ಮೇಷ್ಟ್ರು ಕಾಫಿ ಕುಡಿದು, ಚಿತ್ರ ಚೆನ್ನಾಗಿದೆ ಎಂದು ಹೇಳಿ, ಎದ್ದುಹೋದರು. ಅಜ್ಜ ಅವರನ್ನು ಬಾಗಿಲವರೆಗೂ ಕಳಿಸಿಕೊಟ್ಟರು. ಅಜ್ಜನ ಮುಖದಲ್ಲಿ ಇದ್ದದ್ದು ಹೆಮ್ಮೆಯೇ. ಅದರಲ್ಲಿ ಕಪಟವಿರಲಿಲ್ಲ, ಹಾಗಾಗಿ ಅದಕ್ಕೆ ಎದುರಾಡುವ ದಾರಿಯೂ ನನಗೆ ಕಾಣಲಿಲ್ಲ.

ಮಳೆ ಹಿಡಿಯಿತು. ಮೈಸೂರಿನಲ್ಲಿ ತರಗತಿ ಶುರುವಾದ ವಾರ, ಗೋಡೆಯ ಚಿತ್ರ ಕಂಡಿದ್ದ ಪಕ್ಕದ ಮನೆಯ ಹಿರಿಯರು ಮಡಿಯುಟ್ಟು, ವಿಭೂತಿ ಧರಿಸಿ, ನಮ್ಮ ನಡುಮನೆಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತರು. ಎಡ ಅಂಗೈ ಚಾಚಿ, ಅದರಲ್ಲಿ ಲಿಂಗವಿಟ್ಟುಕೊಂಡರು.

"ಕೆನ್ನೆ ಸ್ವಲ್ಪ ತುಂಬ್ಕೊಂಡ ಹಾಗೆ ಮಾಡವ್ವಾ," ಎಂದರು.

ನಾನು ಪೆನ್ಸಿಲ್ ಚೂಪು ಮಾಡಿಕೊಂಡೆ.