ಹುಲ್ಲಿನ ಸಮಿತಿಯ ಹೊರಗೆ

ನಮ್ಮ ಸಸ್ಯವಿಜ್ಞಾನ ಸಂಘದಲ್ಲಿ ಅಧ್ಯಕ್ಷರ ಮಾತಿಗಿಂತ ಸಮಿತಿಗಳ ಮಾತಿಗೆ ತೂಕ ಹೆಚ್ಚು. ಪಾಚಿಗೊಂದು ಸಮಿತಿ, ಜರೀಗಿಡಕ್ಕೊಂದು, ಹುಲ್ಲಿಗೊಂದು. ಯಾವ ಸಸ್ಯವಾದರೂ ಹೊಸ ಜಾತಿಯೆಂದು ಸಂಘದ ಪತ್ರಿಕೆಯಲ್ಲಿ ಅಚ್ಚಾಗಬೇಕಾದರೆ ಆಯಾ ಸಮಿತಿ ಒಪ್ಪಬೇಕು. ಶಿಕಾರಿಪುರದ ಕಾಲೇಜಿನಲ್ಲಿ ಪಾಠ ಮಾಡುವ ನನ್ನನ್ನು ಹುಲ್ಲಿನ ಸಮಿತಿಗೆ ಸೇರಿಸಿಕೊಂಡಾಗ ನನಗಿಂತ ಹೆಚ್ಚು ಖುಷಿಪಟ್ಟವರು ಸೊರಬದಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರು.

ನಿವೃತ್ತರಾದ ಮೇಲೆ ಅವರು ಹತ್ತಿರದ ಜಡೆ ಊರಿನ ಕಡೆಯ ಒಂದು ಕೆರೆಯಂಚಿನಲ್ಲಿ ಗೇಣುದ್ದದ ಹುಲ್ಲೊಂದನ್ನು ಕಂಡಿದ್ದರು. ಅದರ ತೆನೆಯ ಮೇಲಿನ ರೋಮ, ಅಂಥ ಬೇರೆ ಹುಲ್ಲುಗಳಲ್ಲಿ ಇಲ್ಲದ ಹಾಗೆ, ಕೆಳಮುಖವಾಗಿತ್ತು. ವರ್ಷಗಟ್ಟಲೆ ನೋಡಿ, ಒಣಗಿಸಿ, ಚಿತ್ರ ಬರೆದು ಕೊನೆಗೆ ಸಂಘಕ್ಕೆ ಕಳಿಸಿದರು.

"ಈಗ ನೀನೇ ಒಳಗಿದೀಯಲ್ಲ ಮಾರಾಯ್ತಿ, ನಂಗೇನು ಚಿಂತೆ" ಅಂದರು.

"ಸರ್, ಬೇಕಾದವರ ವಿಷಯ ಬಂದ್ರೆ ನಾವು ಎದ್ದು ಹೊರಗೆ ಹೋಗ್ಬೇಕು. ನಿಯಮ ಹಾಗಿದೆ."

ಅವರು ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ.

ಸಭೆಯಲ್ಲಿ ಅವರ ಹೆಸರು ಬಂದೊಡನೆ ಎದ್ದು ಹೊರಗೆ ಬಂದು ಕುಳಿತೆ. ಬಾಗಿಲಿಗೆ ಗಾಜಿತ್ತು. ಒಳಗೆ ಒಬ್ಬರು ಒಣಹುಲ್ಲು ಅಂಟಿಸಿದ ಹಾಳೆಯನ್ನು ಬೆಳಕಿಗೆ ಹಿಡಿದರು. ಇನ್ನೊಬ್ಬರು ತಲೆಯಾಡಿಸಿದರು. ಒಪ್ಪಿಯೋ, ಒಪ್ಪದೆಯೋ, ನನಗೆ ತಿಳಿಯಲಿಲ್ಲ. ಅವರೆಲ್ಲ ಒಳ್ಳೆಯವರೇ, ಬಲ್ಲವರೇ. ಆದರೆ ಆ ಕೆರೆಯನ್ನು ಕಂಡಿದ್ದವಳು ನಾನೊಬ್ಬಳೇ. ನಿಯಮ ತಪ್ಪೆಂದು ಹೇಳಲೂ ಬಾಯಿ ಬರಲಿಲ್ಲ. ಬೇರೊಬ್ಬರ ಶಿಷ್ಯೆ ಒಳಗೆ ಕೂತಿದ್ದರೆ ನಾನೇ ಆಕ್ಷೇಪಿಸುತ್ತಿದ್ದೆ.

ಹೂಬಿಟ್ಟ ಹಸಿ ಮಾದರಿ ಬೇಕು, ಬಂದ ಮೇಲೆ ನೋಡೋಣ ಎಂದು ತೀರ್ಮಾನವಾಯಿತು.

ಆ ಹುಲ್ಲು ಹೂಬಿಡುವುದು ಮಳೆ ಹಿಂದೆಗೆದ ಮೇಲೆ. ಅದಕ್ಕೆ ಮೊದಲೇ, ಬೇಸಿಗೆಯಲ್ಲಿ, ಕೆರೆಯ ಹೂಳೆತ್ತಲು ಯಂತ್ರ ಬಂತು. ಮೇಷ್ಟ್ರು ಫೋನ್ ಮಾಡಿದರು. ನಾನು ನಮ್ಮ ಸಂಘದ ಸಂರಕ್ಷಣಾ ಸಮಿತಿಯ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಸ್ವಲ್ಪ ದಿನ ಕೆಲಸ ನಿಲ್ಲಿಸಿ ಎಂದು ಸರ್ಕಾರಕ್ಕೆ ಬರೆದು ಕೇಳುವ ಅಧಿಕಾರ ಅವರಿಗಿತ್ತು.

"ಹೆಸರೇ ಇಲ್ಲದ ಗಿಡಕ್ಕೆ ಹೇಗೆ ಬರೆಯೋದು ಮೇಡಂ? ಮೊದಲು ನಿಮ್ಮ ಸಮಿತಿ ಒಪ್ಪಲಿ" ಅಂದರು.

ನಮ್ಮ ಸಮಿತಿಗೆ ಹೂ ಬೇಕಿತ್ತು.

ನಾನು ಜಡೆಗೆ ಹೋಗುವ ಹೊತ್ತಿಗೆ ಮೇಷ್ಟ್ರು ಏರಿಯ ಮೇಲೆ ನಿಂತಿದ್ದರು. ಪಕ್ಕದಲ್ಲಿ ಊರಿನ ಹಿರಿಯರೊಬ್ಬರು.

"ನಾವೇ ಓಡಾಡಿ ಮಾಡ್ಸಿದ್ದು ರೀ. ಗದ್ದೆಗೆ ನೀರು ಸಾಲ್ತಿರ್ಲಿಲ್ಲ" ಅಂದರು ಆ ಹಿರಿಯರು. "ಹುಲ್ಲು ಮತ್ತೆ ಬರ್ತದೆ ಬಿಡಿ."

ಮೇಷ್ಟ್ರು ಯಂತ್ರದವನನ್ನು ಕೇಳಿಕೊಂಡು ಒಂದು ಬುಟ್ಟಿ ಮಣ್ಣು ತೆಗೆದುಕೊಂಡರು. ಬೀಜವಿದ್ದರೆ ಮೊಳೆಯಲಿ ಎಂದು ಅದನ್ನು ಸೊರಬದ ಮನೆಯ ಹಿತ್ತಲಲ್ಲಿ ಹರಡಿದರು.

ಮಳೆ ಮುಗಿದ ಮೇಲೆ ಹಿತ್ತಲಲ್ಲಿ ಗರಿಕೆ ಬಂತು, ಜೇಕು ಬಂತು. ಕೆರೆಯಂಚನ್ನೂ ಇಬ್ಬರೂ ಬಗ್ಗಿ ಬಗ್ಗಿ ಹುಡುಕಿದೆವು. ಸಿಗಲಿಲ್ಲ. ಕೆರೆ ಮಾತ್ರ ತುಂಬಿತ್ತು. ಮಾದರಿ ಬಾರದ ಕಾರಣ ಸಮಿತಿ ವಿಷಯವನ್ನು ಕೈಬಿಟ್ಟಿತು. ಆ ಸುದ್ದಿಯನ್ನು ಹೇಳಲು ನಾನೇ ಸೊರಬಕ್ಕೆ ಹೋದೆ.

"ಅವರು ಕೇಳಿದ್ದು ಸರಿಯಾಗೇ ಇದೆ" ಅಂದರು ಮೇಷ್ಟ್ರು.

ಈಗಲೂ ಆಗಾಗ ಹೋಗುತ್ತೇನೆ. ಮಂಡಿನೋವಿನ ಮಾತು, ನನ್ನ ಕಾಲೇಜಿನ ಮಾತು ಆಗುತ್ತವೆ. ಅವರು ಒಮ್ಮೆಯಾದರೂ ಹುಲ್ಲಿನ ಮಾತೆತ್ತಲಿ ಎಂದು ಕಾಯುತ್ತೇನೆ. ಅವರು ಎತ್ತುವುದಿಲ್ಲ.